ಮಲೇಷ್ಯಾಕ್ಕೆ ವೀಸಾ ಬೇಡ ಅಂದ್ರೆ ಕಾಗದಪತ್ರನೂ ಬೇಡವಾ?

ಬೆಟಗೇರಿ ಮಗ್ಗ: ಅಪ್ಪ-ಅವ್ವನ್ನ ಕರ್ಕೊಂಡು ಮಲೇಷ್ಯಾಕ್ಕೆ ಹೋಗಬೇಕು ಅಂತಿದ್ದೇನೆ. ತಂಗಿ ಕ್ವಾಲಾಲಂಪುರದಲ್ಲಿದ್ದಾಳೆ, ಅವಳ ಮನೆಯಲ್ಲೇ ಇರ್ತೇವೆ. ಗದಗಿನ ಟ್ರಾವೆಲ್ಸ್‌ನವರು "ಭಾರತದವರಿಗೆ ವೀಸಾನೇ ಬೇಡ, ಪಾಸ್‌ಪೋರ್ಟ್ ಮತ್ತು ಟಿಕೆಟ್ ಇದ್ರೆ ಮುಗೀತು" ಅಂತಾರೆ. ಪಕ್ಕದ ಮನೆಯವರು ನೋಡಿದ್ರೆ ಅಲ್ಲಿ ಕೌಂಟರ್‌ನಿಂದಲೇ ವಾಪಸ್ ಕಳಿಸ್ತಾರೆ ಅಂತ ಹೆದರಿಸಿದ್ದಾರೆ. ಅವ್ವನ ಪಾಸ್‌ಪೋರ್ಟ್‌ನಲ್ಲಿ ಇಸಿಆರ್, ಅಂದ್ರೆ "ಎಮಿಗ್ರೇಶನ್ ತಪಾಸಣೆ ಬೇಕು" ಅಂತ ಬೇರೆ ಇದೆ. ಯಾರ ಮಾತು ನಂಬಬೇಕು, ತಿಳಿದವರು ಹೇಳ್ರಿ.

ನವಲೂರ ಪೇರಲ: ಇಬ್ಬರ ಮಾತೂ ಅರ್ಧರ್ಧ ನಿಜ ಅಕ್ಕಾ. 2023ರ ಡಿಸೆಂಬರ್ 1ರಿಂದ ನಮಗೆ ವೀಸಾ ಬೇಡ, ಈ ಸೌಲಭ್ಯವನ್ನು 2026ರ ಡಿಸೆಂಬರ್ 31ರವರೆಗೆ ಮುಂದುವರಿಸಿದ್ದಾರೆ. ಒಂದು ಸಲಕ್ಕೆ ಹೆಚ್ಚೆಂದರೆ 30 ದಿನ. ನೋಡಲಿಕ್ಕೆ, ನೆಂಟರ ಮನೆಗೆ ಅಂದ್ರೆ ಸರಿ. ಕೆಲಸ ಮಾಡುವ ಹಾಗಿಲ್ಲ. ಪಾಸ್‌ಪೋರ್ಟ್‌ಗೆ ಇನ್ನೂ ಆರು ತಿಂಗಳಾದರೂ ಅವಧಿ ಇರಬೇಕು, ವಾಪಸ್ ಟಿಕೆಟ್ ಇರಬೇಕು, ಖರ್ಚಿಗೆ ದುಡ್ಡಿದೆ ಅಂತ ಕೇಳಿದ್ರೆ ತೋರಿಸಬೇಕು. ಇದರ ಜೊತೆಗೆ ಎಂಡಿಎಸಿ ಅನ್ನೋ ಡಿಜಿಟಲ್ ಅರೈವಲ್ ಕಾರ್ಡ್ ಇದೆ. ಅಲ್ಲಿ ಇಳಿಯೋದಕ್ಕೆ ಮುಂಚಿನ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ತುಂಬಬೇಕು. ಅದಕ್ಕೆ ಒಂದು ಪೈಸೆನೂ ಇಲ್ಲ. ಮಲೇಷ್ಯಾ ಇಮಿಗ್ರೇಶನ್‌ನವರ ಸ್ವಂತ ಸೈಟಿನಲ್ಲೇ ತುಂಬಿ, ಹುಡುಕಿದಾಗ ದುಡ್ಡು ಕೇಳುವ ಬೇರೆ ಸೈಟುಗಳು ಮೊದಲು ಕಾಣಿಸ್ತಾವೆ, ಅವಕ್ಕೆ ಹೋಗಬೇಡಿ.

ಉಣಕಲ್ ಕೆರೆ: ಸುಮ್ನೆ ಜನರನ್ನ ಹೆದರಿಸಬೇಡ್ರಿ. ದಿನಾ ಎಷ್ಟೋ ಜನ ಹೋಗಿ ಬರ್ತಾರೆ. ವೀಸಾ ಬೇಡ ಅಂತ ಆ ದೇಶವೇ ಹೇಳಿದ ಮೇಲೆ ವಯಸ್ಸಾದವರ ಕೈಯಲ್ಲಿ ಫೈಲ್ ಕೊಟ್ಟು ಕಳಿಸೋದು ಯಾಕೆ? ಹೀಗೆ ಹೇಳಿ ಹೇಳಿಯೇ ನಮ್ಮ ಕಡೆ ಹಿರಿಯರು ಹೊರದೇಶ ಅಂದ್ರೆ ಬೇಡ ಅಂತಾರೆ.

ನವಲೂರ ಪೇರಲ: ಹೆದರಿಸ್ತಿಲ್ಲ ಅಣ್ಣಾ. ವೀಸಾ ಬೇಡ ಅಂದ್ರೆ ಒಳಗೆ ಬಿಡೋದು ಖಾತ್ರಿ ಅಂತಲ್ಲ, ಇಷ್ಟೇ ನನ್ನ ಮಾತು. ಮೊದಲು ಎಲ್ಲಿ ಇರ್ತೀರಿ, ಯಾವಾಗ ವಾಪಸ್, ದುಡ್ಡು ಯಾರದು ಅಂತ ವೀಸಾ ಅರ್ಜಿ ನೋಡುವವರು ಕಾಗದದಲ್ಲಿ ನಿಧಾನವಾಗಿ ನೋಡ್ತಿದ್ರು. ಇಲ್ಲ ಅಂದ್ರೂ ನಾವು ನಮ್ಮ ಊರಲ್ಲೇ ಇರ್ತಿದ್ವಿ. ಈಗ ಅದೇ ಪ್ರಶ್ನೆಗಳನ್ನ ಕೌಂಟರ್‌ನಲ್ಲಿ ನಿಂತಿರುವ ಒಬ್ಬ ಅಧಿಕಾರಿ ಎರಡು ನಿಮಿಷದಲ್ಲಿ ಕೇಳ್ತಾರೆ, ಅದೂ ಇಂಗ್ಲಿಷ್‌ನಲ್ಲಿ, ರಾತ್ರಿಯಿಡೀ ನಿದ್ದೆಗೆಟ್ಟು ಇಳಿದವರನ್ನ. ಅಲ್ಲಿ ಉತ್ತರ ತಪ್ಪಿದರೆ ವಾಪಸ್ ವಿಮಾನವೇ ಗತಿ. ಕನ್ನಡ ಬಿಟ್ಟು ಬೇರೆ ಬಾರದ ಅವ್ವನ ಪರವಾಗಿ ಮಾತಾಡೋದು ಆ ಕಾಗದ ಮಾತ್ರ. ತಂಗಿ ತನ್ನ ವಿಳಾಸ, ಫೋನ್ ನಂಬರ್ ಬರೆದು ಸಹಿ ಮಾಡಿದ ಒಂದು ಪತ್ರ, ಅವಳು ಅಲ್ಲಿ ಇರೋದಕ್ಕೆ ಕೊಟ್ಟ ಪರ್ಮಿಟ್‌ನ ಪ್ರತಿ, ವಾಪಸ್ ಟಿಕೆಟ್‌ನ ಪ್ರಿಂಟ್. ನಾಲ್ಕು ಹಾಳೆ, ಅಷ್ಟೇ.

ಹಾವೇರಿ ಏಲಕ್ಕಿ: ಇಸಿಆರ್ ವಿಚಾರ ಹೇಳ್ತೀನಿ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್‌ನಲ್ಲಿ ಸಾಮಾನ್ಯವಾಗಿ ಅದು ಇರ್ತದೆ. ಇದು ನಮ್ಮ ಸರ್ಕಾರದ ನಿಯಮ, ಮಲೇಷ್ಯಾದ್ದಲ್ಲ. 18 ದೇಶಗಳ ಪಟ್ಟಿ ಇದೆ, ಗಲ್ಫ್ ದೇಶಗಳ ಜೊತೆ ಮಲೇಷ್ಯಾ, ಥಾಯ್ಲೆಂಡ್, ಇಂಡೋನೇಷ್ಯಾ ಕೂಡ ಅದರಲ್ಲಿವೆ. ಅಲ್ಲಿಗೆ ಕೆಲಸಕ್ಕೆ ಹೋಗುವವರು ಮಾತ್ರ ಮೊದಲೇ ಅನುಮತಿ ಪಡೀಬೇಕು. ಪ್ರವಾಸಕ್ಕೆ ಬೇಡ. ಆದರೆ ಬೆಂಗಳೂರಲ್ಲೇ ನಮ್ಮ ಇಮಿಗ್ರೇಶನ್‌ನವರು ಯಾಕೆ ಹೋಗ್ತೀರಿ ಅಂತ ನಾಲ್ಕು ಮಾತು ಜಾಸ್ತಿ ಕೇಳಬಹುದು. ಅವ್ವನ್ನ ಬೇರೆ ಸಾಲಿಗೆ ಬಿಡಬೇಡಿ, ನಿಮ್ಮ ಜೊತೆಗೇ ನಿಲ್ಲಿಸಿಕೊಳ್ಳಿ.

ಉಣಕಲ್ ಕೆರೆ: ನನಗೆ ಸಿಟ್ಟು ಬರೋದು ಇಲ್ಲೇ. ಜೀನ್ಸ್ ಹಾಕಿದ ಐಟಿ ಹುಡುಗನನ್ನ ಒಂದು ಮಾತೂ ಕೇಳದೆ ಬಿಡ್ತಾರೆ, ಧೋತರ ಉಟ್ಟ ರೈತನನ್ನ ಪಕ್ಕಕ್ಕೆ ನಿಲ್ಲಿಸ್ತಾರೆ. ಇಬ್ಬರೂ ಅದೇ ಟಿಕೆಟ್‌ಗೆ ಅಷ್ಟೇ ದುಡ್ಡು ಕೊಟ್ಟಿರ್ತಾರೆ. ನಿಯಮ ಎಲ್ಲರಿಗೂ ಒಂದೇ ಇರಬೇಕಲ್ವಾ?

ಹಾವೇರಿ ಏಲಕ್ಕಿ: ಆ ಸಿಟ್ಟು ನನಗೂ ಇದೆ ಅಣ್ಣಾ. ಆದರೆ ಈ ಅನುಮಾನ ಹುಟ್ಟಿಸಿದ್ದು ಯಾರು? "ವೀಸಾ ಬೇಡ, ಬ್ಯಾಂಕಾಕ್‌ನಲ್ಲಿ ಡಾಟಾ ಎಂಟ್ರಿ ಕೆಲಸ" ಅಂತ ಹುಡುಗರನ್ನ ಪ್ರವಾಸಿ ಮಾಡಿ ಕಳಿಸುವ ಏಜೆಂಟರು. ಹಾಗೆ ಥಾಯ್ಲೆಂಡ್‌ಗೆ ಹೋದವರನ್ನ ಗಡಿ ದಾಟಿಸಿ ಮ್ಯಾನ್ಮಾರ್‌ನ ಮ್ಯಾವಡಿಯಲ್ಲಿ ಆನ್‌ಲೈನ್ ವಂಚನೆಗೆ ಕೂರಿಸಿದ್ರು. 2025ರ ಮಾರ್ಚ್‌ನಲ್ಲಿ ಅಲ್ಲಿಂದ ಬಿಡುಗಡೆಯಾದ 500ಕ್ಕೂ ಹೆಚ್ಚು ಭಾರತೀಯರನ್ನ ವಾಯುಪಡೆಯ ವಿಮಾನದಲ್ಲಿ ಕರ್ಕೊಂಡು ಬರಬೇಕಾಯ್ತು. ಇರಾನ್ ಕೂಡ ನಮಗೆ ವೀಸಾ ಇಲ್ಲದೆ ಬರುವ ಸೌಲಭ್ಯ ಕೊಟ್ಟಿತ್ತು. ಕೆಲಸದ ಆಸೆ ತೋರಿಸಿ ಕರ್ಕೊಂಡು ಹೋಗಿ ಅಪಹರಿಸಿದ ಪ್ರಕರಣಗಳಾದ ಮೇಲೆ 2025ರ ನವೆಂಬರ್ 22ರಿಂದ ನಿಲ್ಲಿಸಿಬಿಟ್ರು. ಮೋಸ ಮಾಡಿದವರು ಯಾರೋ, ಬಾಗಿಲು ಮುಚ್ಚಿದ್ದು ಎಲ್ಲರಿಗೂ.

ಉಣಕಲ್ ಕೆರೆ: ಹಾಗಾದ್ರೆ ಏಜೆಂಟರನ್ನ ಹಿಡೀಬೇಕು, ನಮ್ಮ ಹಿರಿಯರನ್ನ ಅಲ್ಲ. ಇದರಲ್ಲಿ ನಾನು ಹಿಂದೆ ಸರಿಯೋದಿಲ್ಲ. ಕಾಗದ ಇಟ್ಕೊಳ್ಳೋದು ಬೇಡ ಅಂತ ನಾನೂ ಹೇಳಿಲ್ಲ.

ಬೆಟಗೇರಿ ಮಗ್ಗ: ಇನ್ನೊಂದು ಕೇಳ್ತೀನಿ. ಅಷ್ಟು ದೂರ ಹೋದ ಮೇಲೆ ಬಸ್ಸಲ್ಲಿ ಸಿಂಗಪುರಕ್ಕೂ ಹೋಗಿ ಬರಬಹುದಾ? ಟ್ರಾವೆಲ್ಸ್‌ನವರು ಅದಕ್ಕೂ ಹೂಂ ಅಂದಿದ್ದಾರೆ.

ನವಲೂರ ಪೇರಲ: ಅವರ ಮಾತು ಕೇಳಿ ಹೊರಟುಬಿಡಬೇಡಿ! ಸಿಂಗಪುರಕ್ಕೆ ನಮಗೆ ವೀಸಾ ಬೇಕೇ ಬೇಕು. 96 ಗಂಟೆಯ ಟ್ರಾನ್ಸಿಟ್ ಸೌಲಭ್ಯ ಅಂತ ಒಂದಿದೆ, ಅದು ಅಮೆರಿಕ, ಬ್ರಿಟನ್‌ನಂಥ ಕೆಲವು ದೇಶಗಳ ವೀಸಾ ಇದ್ದವರಿಗೆ, ಅದೂ ಮೂರನೇ ದೇಶಕ್ಕೆ ಹೋಗುವ ದಾರಿಯಲ್ಲಿ ಮಾತ್ರ. ಹೋಗಲೇಬೇಕು ಅಂದ್ರೆ ಇಲ್ಲಿಂದ ಹೊರಡುವ ಮೊದಲೇ ವೀಸಾ ಮಾಡಿಸಿ. ಮಲೇಷ್ಯಾಕ್ಕೆ ಮತ್ತೆ ಒಳಗೆ ಬರುವಾಗ ಎಂಡಿಎಸಿ ಹೊಸದಾಗಿ ತುಂಬಬೇಕು.

ಬೆಟಗೇರಿ ಮಗ್ಗ: ಸಿಂಗಪುರ ಬಿಟ್ಟೆವು. ತಂಗಿಗೆ ಪತ್ರ ಬರೆದು ಕಳಿಸು ಅಂತ ಹೇಳಿದೆ. ಇಸಿಆರ್ ತೆಗೆಸೋಕೆ ಈಗಲೇ ಓಡಾಡಬೇಕಾ? ಅವ್ವನಿಗೆ ಅರವತ್ತು ದಾಟಿದೆ.

ಹಾವೇರಿ ಏಲಕ್ಕಿ: 50 ದಾಟಿದವರಿಗೆ ಓದಿರಲಿ ಬಿಡಲಿ ಆ ತಪಾಸಣೆಯಿಂದ ವಿನಾಯಿತಿ ಇದೆ ಅಕ್ಕಾ. ಈ ಸಲ ಹಾಗೇ ಹೋಗಿ ಬರ್ರಿ. ಮುಂದೆ ಪಾಸ್‌ಪೋರ್ಟ್ ರೀಇಶ್ಯೂ ಮಾಡಿಸುವಾಗ ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ವಯಸ್ಸಿನ ದಾಖಲೆ ಕೊಟ್ಟು ತೆಗೆಸಿಬಿಡಿ.