ಟ್ರೊಮ್ಸೊ–ಲಾಂಗ್‌ಯೀರ್‌ಬ್ಯೆನ್: ನಕ್ಷೆಯಲ್ಲಿ 3,500 ಕಿ.ಮೀ., ಟಿಕೆಟ್‌ನಲ್ಲಿ 1 ಗಂಟೆ 40 ನಿಮಿಷ?

ಭೂಪಟಪ್ರಿಯ:
ನಾರ್ವೆಯ ಟ್ರೊಮ್ಸೊದಿಂದ ಉತ್ತರ ಧ್ರುವದ ಕಡೆಯ ದ್ವೀಪಸಮೂಹ ಸ್ವಾಲ್ಬಾರ್ಡ್‌ನ ಲಾಂಗ್‌ಯೀರ್‌ಬ್ಯೆನ್‌ಗೆ ಗೋಡೆ ನಕ್ಷೆ ಮೇಲೆ ಅಳೆದರೆ 3,500 ಕಿ.ಮೀ. ಬರುತ್ತೆ, ಬೆಂಗಳೂರು–ದೆಹಲಿಯ ಎರಡರಷ್ಟು. ಟಿಕೆಟ್‌ನಲ್ಲಿ ನೋಡಿದರೆ 1 ಗಂಟೆ 40 ನಿಮಿಷ. ಯಾವುದು ಸರಿ? ಒಂದೇ ಪ್ರವೇಶದ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಲ್ಲುವಂಥದ್ದು) ಸಾಕಾ?

ಅಕ್ಷಾಂಶ:
ಟಿಕೆಟ್ಟೇ ಸರಿ. ನಿಮ್ಮ ನಕ್ಷೆ ಮರ್ಕೇಟರ್ ಇರಬೇಕು, ಅಂದರೆ ಧ್ರುವದ ಕಡೆ ಹೋದಷ್ಟೂ ಜಾಗವನ್ನು ಹಿಗ್ಗಿಸಿ ತೋರಿಸುವ ಬಗೆ. ಎರಡೂ ಊರುಗಳ ನಡುವಿನ 74 ಡಿಗ್ರಿ ಅಕ್ಷಾಂಶದ ಸುತ್ತಮುತ್ತ ಅದು ಮೂರೂವರೆ ಪಟ್ಟಿಗೂ ಹೆಚ್ಚು ಹಿಗ್ಗಿರುತ್ತೆ. ನಕ್ಷೆ ಬಿಟ್ಟು ಅಂಕಿ ಹಿಡಿಯಿರಿ.

ಟ್ರೊಮ್ಸೊ 69.68 ಉತ್ತರ, 18.92 ಪೂರ್ವ. ಲಾಂಗ್‌ಯೀರ್‌ಬ್ಯೆನ್ 78.25 ಉತ್ತರ, 15.47 ಪೂರ್ವ. ಅಕ್ಷಾಂಶದ ಅಂತರ 8.57 ಡಿಗ್ರಿ, ಅಷ್ಟು ಮೇಲೆ ಡಿಗ್ರಿಗೆ 111.6 ಕಿ.ಮೀ., ಅಂದರೆ 956. ರೇಖಾಂಶದ ಅಂತರ 3.45. ಎಡವೋದು ಇಲ್ಲೇ, ಇದನ್ನೂ ಹಾಗೇ 111ರಿಂದ ಗುಣಿಸಿಬಿಡ್ತಾರೆ. ಧ್ರುವದ ಕಡೆ ರೇಖಾಂಶಗಳು ಒತ್ತೊತ್ತಾಗುತ್ತವೆ, ಹಾಗಾಗಿ 74 ಡಿಗ್ರಿಯ ಕೊಸೈನ್ 0.276ರಿಂದಲೂ ಗುಣಿಸಬೇಕು: 106 ಕಿ.ಮೀ. ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ ಸುಮಾರು 960. ಕೊಸೈನ್ ಮರೆತರೆ 1,030 ಬರುತ್ತೆ.

ರನ್‌ವೇ28:
ಹೊತ್ತಿನ ಲೆಕ್ಕ: ಬೋಯಿಂಗ್ 737 ಮೇಲೇರಿದ ಮೇಲೆ ಗಂಟೆಗೆ ಸುಮಾರು 830 ಕಿ.ಮೀ., ಹಾಗಾಗಿ 960ಕ್ಕೆ 70 ನಿಮಿಷ. ನೆಲದ ಮೇಲಿನ ಓಡಾಟ, ಏರಿಳಿತದ ನಿಧಾನ ಸೇರಿ ಇನ್ನರ್ಧ ಗಂಟೆ. ಗಂಟೆಗೆ 90 ಕಿ.ಮೀ. ಎದುರುಗಾಳಿ ಇದ್ದರೆ 8 ನಿಮಿಷ ಹೆಚ್ಚು, ಅಷ್ಟೇ.

ದೊಡ್ಡ ವ್ಯತ್ಯಾಸ ಆಗೋದು ಮಂಜು ಕವಿದಾಗ. ಸ್ವಾಲ್ಬಾರ್ಡ್‌ನಲ್ಲಿ 737 ಇಳಿಯುವಂಥ ಇನ್ನೊಂದು ನಾಗರಿಕ ರನ್‌ವೇ ಇಲ್ಲ. ಮುಖ್ಯಭೂಮಿಗೆ ವಾಪಸ್ ಬರುವಷ್ಟು ಇಂಧನ ತುಂಬಿಕೊಂಡೇ ಹೊರಡಬೇಕು. ಇಳಿಯಲಾಗದೆ ಹಿಂದಿರುಗಿದರೆ ಮೂರು ಗಂಟೆ ಹಾರಿ ಹೊರಟಲ್ಲೇ ಇಳಿದಂತೆ. ಅದೇ ದಿನ ಮುಂದಿನ ಹಡಗು, ವಿಮಾನ ಅಂತ ಬಿಗಿಯಾಗಿ ಬುಕ್ ಮಾಡಬೇಡಿ. ನಡುವೆ ಒಂದು ರಾತ್ರಿ ಬಿಡಿ.

ಗಡಿಯಾರ ಮುಟ್ಟೋದು ಬೇಡ, ಎರಡೂ ಕಡೆ ಒಂದೇ ಸಮಯ.

ಮೊಹರು:
ವೀಸಾ ವಿಷಯಕ್ಕೆ ಬಂದರೆ: ಒಂದೇ ಪ್ರವೇಶದ್ದು ಸಾಲದು. ಸ್ವಾಲ್ಬಾರ್ಡ್ ನಾರ್ವೆಗೆ ಸೇರಿದ್ದರೂ ಷೆಂಗೆನ್ ಹೊರಗಿದೆ. ಅಲ್ಲಿಗೆ ವೀಸಾ ಬೇಡ, ಆದರೆ ಹೊರಡುವಾಗ ನಿರ್ಗಮನ, ಮರಳುವಾಗ ಹೊಸ ಪ್ರವೇಶ ಅಂತ ಲೆಕ್ಕ. ಅರ್ಜಿಯಲ್ಲೇ ಎರಡು ಅಥವಾ ಹಲವು ಪ್ರವೇಶ ಕೇಳಿ, ಕಾರಣಕ್ಕೆ ಸ್ವಾಲ್ಬಾರ್ಡ್ ಟಿಕೆಟ್ ಲಗತ್ತಿಸಿ. ಓಸ್ಲೊದಿಂದ ಟ್ರೊಮ್ಸೊ ಮೇಲೆ ಹೋಗುವ ವಿಮಾನವಾದರೆ ಟ್ರೊಮ್ಸೊದಲ್ಲಿ ಇಳಿದು ಪಾಸ್‌ಪೋರ್ಟ್ ತೋರಿಸಿ ಮತ್ತೆ ಹತ್ತಬೇಕು. ಸೀಟಿನ ಮೇಲಿಟ್ಟ ಬ್ಯಾಗಿನಲ್ಲಿ ಪಾಸ್‌ಪೋರ್ಟ್ ಮರೆತು ಇಳಿಯಬೇಡಿ.

ಭೂಪಟಪ್ರಿಯ:
ಧನ್ಯವಾದ. ಭಾರತದ ಹಿಮಾದ್ರಿ ಸಂಶೋಧನಾ ಕೇಂದ್ರ ಇರುವ ನೀ-ಒಲೆಸುಂಡ್‌ಗೆ ಅಲ್ಲಿಂದ ವಿಮಾನ ಇದೆಯಾ?

ರನ್‌ವೇ28:
ಇದೆ, ಡಾರ್ನಿಯರ್ 228 ಅನ್ನೋ ಸಣ್ಣ ವಿಮಾನ. 110 ಕಿ.ಮೀ., 25 ನಿಮಿಷದ ಆಸುಪಾಸು. ಆದರೆ ಅದು ಸಂಶೋಧಕರು, ಸಿಬ್ಬಂದಿಗೆ. ಪ್ರವಾಸಿಗರು ಬೇಸಿಗೆಯಲ್ಲಿ ಹಡಗು ಹಿಡೀಬೇಕು.