ಟರ್ನಿಪ್ ದೀಪವೂ ನಮ್ಮೂರ ಅಂಟಿಗೆ-ಪಂಟಿಗೆಯೂ

ಎಲ್ಲರಿಗೂ ನಮಸ್ಕಾರ. ಮೊನ್ನೆ ಗುಂಪಿಗೆ ಹೊಸದಾಗಿ ಸೇರಿದ ಒಬ್ಬರು ಕೇಳಿದ್ದರು: "ಮಗನ ಶಾಲೆಯಲ್ಲಿ ಹ್ಯಾಲೋವೀನ್‌ಗೆ ವೇಷ ಹಾಕಿ ಕಳಿಸಿ ಅಂದಿದ್ದಾರೆ. ಊರಲ್ಲಿ ಅತ್ತೆ-ಮಾವ ದೆವ್ವದ ಹಬ್ಬ ನಮಗ್ಯಾಕೆ ಅಂತಿದ್ದಾರೆ. ನೀವೆಲ್ಲ ಏನು ಮಾಡ್ತೀರಿ?" ಎರಡು ಸಾಲು ಬರೆದು ಮುಗಿಸೋಣ ಅಂದುಕೊಂಡೆ. ಆಗಲಿಲ್ಲ.

ಡಬ್ಲಿನ್‌ಗೆ ಬಂದ ಮೊದಲ ವರ್ಷ ನಮಗೂ ಇದೇ ಗೊಂದಲ. ಹ್ಯಾಲೋವೀನ್ ಅಂದರೆ ಅಕ್ಟೋಬರ್ 31ರ ಸಂಜೆ ಮಕ್ಕಳು ವೇಷ ಹಾಕಿ, ಸಿಹಿ ಕೇಳುತ್ತಾ ಮನೆಮನೆಗೆ ಬರುತ್ತಾರೆ. ಆ ಸಂಜೆ ಯಾರೂ ಬರದಿರಲಿ ಅಂತ ಮುಂದಿನ ಕೋಣೆಯ ಲೈಟ್ ಆರಿಸಿ ಅಡುಗೆಮನೆಯಲ್ಲಿ ಕೂತೆವು. ಮಗಳಿಗೆ ಆಗ ಐದು ವರ್ಷ. ಕತ್ತಲಲ್ಲೇ ಕಿಟಕಿ ಹತ್ತಿರ ಹೋಗಿ ಪರದೆ ಸರಿಸಿ ನಿಂತಿದ್ದಳು. ಅವಳ ತರಗತಿಯ ಹುಡುಗಿಯೊಬ್ಬಳು ಬೆಕ್ಕಿನ ವೇಷ ಹಾಕಿಕೊಂಡು ನಮ್ಮ ಗೇಟ್ ದಾಟಿ ಪಕ್ಕದ ಮನೆಗೆ ಹೋದಳು. "ಅಮ್ಮ, ನಮ್ಮನೆಗೆ ಯಾಕೆ ಯಾರೂ ಬರ್ತಿಲ್ಲ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಈ ಹಬ್ಬದ ಬೇರು ಎಲ್ಲಿದೆ ಅಂತ ನಾನೇ ಹುಡುಕಿ ಓದತೊಡಗಿದೆ.

ಮೊದಲು ಒಂದು ಮಾತು. ನಾವು ಸಿನಿಮಾ ನೋಡಿ ಇದು ಅಮೆರಿಕದ ಹಬ್ಬ ಅಂದುಕೊಂಡಿರುತ್ತೇವೆ. ಅಲ್ಲ. ಇದರ ಬೇರು ಇರುವುದು ನಾವು ಈಗ ಬಾಳುತ್ತಿರುವ ಈ ಐರ್ಲೆಂಡ್‌ನಲ್ಲಿ, ಸ್ಕಾಟ್ಲೆಂಡ್‌ನಲ್ಲಿ. ಹಳೆಯ ಹೆಸರು ಸಾವಿನ್ (Samhain), ನಮ್ಮ 'ಸಾವು' ಅಲ್ಲ. ಐರಿಷ್ ಭಾಷೆಯಲ್ಲಿ ನವೆಂಬರ್ ತಿಂಗಳಿಗೆ ಇವತ್ತಿಗೂ ಅದೇ ಹೆಸರು. ಮಕ್ಕಳು ಶಾಲೆಯಿಂದ "ಈಹ ಹೌನ" ಅಂತ ಕಲಿತು ಬರುತ್ತಾರಲ್ಲ, ಅದು ಸಾವಿನ್ ರಾತ್ರಿ. ದನಕರು ಸಾಕುವವರ ಹಬ್ಬ ಅದು. ಬೇಸಿಗೆಯೆಲ್ಲ ಗುಡ್ಡದ ಮೇಲೆ ಮೇಯುತ್ತಿದ್ದ ದನಗಳನ್ನು ಚಳಿಗೆ ಮೊದಲು ಕೆಳಗೆ ಹೊಡೆದುಕೊಂಡು ಬರುವ ಸಮಯ. ಅವರ ಲೆಕ್ಕದಲ್ಲಿ ದಿನ ಶುರುವಾಗುವುದು ಸೂರ್ಯ ಮುಳುಗಿದ ಮೇಲೆ. ಅದಕ್ಕೇ ನವೆಂಬರ್ 1ರ ಹಬ್ಬ ಅಕ್ಟೋಬರ್ 31ರ ಸಂಜೆಯೇ ಕಾಲಿಡುತ್ತದೆ.

ವರ್ಷದ ಬೆಳಕಿನ ಭಾಗ ಮುಗಿದು ಕತ್ತಲಿನ ಭಾಗ ಹುಟ್ಟುವ ರಾತ್ರಿ ಅದು. ಅವತ್ತು ಈ ಲೋಕಕ್ಕೂ ಆ ಲೋಕಕ್ಕೂ ನಡುವಿನ ಬಾಗಿಲು ತೆರೆದಿರುತ್ತದೆ ಅಂತ ನಂಬಿಕೆ. ತೀರಿಹೋದವರು ಮನೆಗೆ ಬರುತ್ತಾರೆ ಅಂತ ಹಳ್ಳಿಗಳಲ್ಲಿ ಒಲೆಯ ಪಕ್ಕ ಕುರ್ಚಿ ಹಾಕಿ, ತಿನ್ನಲು ಏನಾದರೂ ಇಟ್ಟು, ಬಾಗಿಲಿಗೆ ಚಿಲಕ ಹಾಕದೆ ಮಲಗುತ್ತಿದ್ದರು. ಇದನ್ನು ಓದಿದಾಗ ನನಗೆ ಮಹಾಲಯ ಅಮಾವಾಸ್ಯೆ ನೆನಪಾಯಿತು. ನಮ್ಮಲ್ಲೂ ಹಿರಿಯರಿಗೆ ಎಡೆ ಇಡುತ್ತೇವೆ, ಅವರಿಗೆ ಇಷ್ಟವಾದದ್ದನ್ನೇ ಮಾಡುತ್ತೇವೆ, ಅಲ್ವಾ? ಅತ್ತೆ-ಮಾವನವರಿಗೆ ಇಷ್ಟನ್ನು ಹೇಳಿ ನೋಡಿ. ನಮ್ಮ ಅತ್ತೆಗೆ ಇದೊಂದೇ ಮಾತು ಸಾಕಾಯಿತು.

ಕ್ರೈಸ್ತ ಧರ್ಮ ಬಂದಮೇಲೆ ನವೆಂಬರ್ 1 ಎಲ್ಲ ಸಂತರ ದಿನವಾಯಿತು, 2ನೇ ತಾರೀಖು ಸತ್ತವರ ಆತ್ಮಗಳಿಗೆ ಪ್ರಾರ್ಥನೆ ಮಾಡುವ ದಿನವಾಯಿತು. ಸಂತರ ಹಬ್ಬದ ಹಿಂದಿನ ಸಂಜೆ ಅನ್ನುವುದೇ ಸವೆದು ಸವೆದು ಹ್ಯಾಲೋವೀನ್ ಆಗಿದೆ. ವಾಟ್ಸಾಪ್‌ನಲ್ಲಿ ಸೈತಾನನ ಪೂಜೆ ಅಂತ ಬರುವ ಫಾರ್ವರ್ಡ್‌ಗಳನ್ನು ದಯವಿಟ್ಟು ಮುಂದೆ ಕಳಿಸಬೇಡಿ.

ಮೀತ್ ಕೌಂಟಿಯಲ್ಲಿ ಆಥ್‌ಬಾಯ್ ಅನ್ನುವ ಊರಿನ ಪಕ್ಕ ಹಿಲ್ ಆಫ್ ವಾರ್ಡ್ ಅಂತ ಒಂದು ಗುಡ್ಡ ಇದೆ. ಹಳೆಯ ಹೆಸರು ಟ್ಲಾಕ್ಟ್‌ಗ. ನೋಡಲು ಹುಲ್ಲು ಬೆಳೆದ ಸಾಲು ದಿಣ್ಣೆಗಳು, ಅಷ್ಟೇ. ಸಾವಿನ್ ರಾತ್ರಿ ಎಲ್ಲ ಮನೆಗಳ ಒಲೆ ಆರಿಸಿ, ಇಲ್ಲಿ ಹೊತ್ತಿಸಿದ ದೊಡ್ಡ ಬೆಂಕಿಯಿಂದ ಮತ್ತೆ ಹಚ್ಚಿಕೊಳ್ಳುತ್ತಿದ್ದರು ಅಂತ ಪ್ರತೀತಿ. ಆ ದಿಣ್ಣೆಯ ಮೇಲೆ ಗಾಳಿಯಲ್ಲಿ ನಿಂತಾಗ ನನಗೆ ತೀರ್ಥಹಳ್ಳಿ ಕಡೆಯ ನಮ್ಮೂರೇ ಕಣ್ಣಮುಂದೆ ಬಂತು. ಮಲೆನಾಡಿನವರಿಗೆ ಹೇಳಬೇಕಿಲ್ಲ. ದೀಪಾವಳಿ ರಾತ್ರಿ ಅಂಟಿಗೆ-ಪಂಟಿಗೆಯವರು ದೇವಸ್ಥಾನದಲ್ಲಿ ದೀಪ ಹಚ್ಚಿಕೊಂಡು, ಅದು ಆರದ ಹಾಗೆ ಕಾಯುತ್ತಾ, ಹಾಡುತ್ತಾ ಮನೆಮನೆಗೆ ಬರುತ್ತಾರೆ. ಅಜ್ಜಿ ಬಾಗಿಲು ತೆರೆದು, ಅವರ ದೀಪಕ್ಕೆ ಎಣ್ಣೆ ಎರೆದು, ಅದರಿಂದಲೇ ನಮ್ಮ ಮನೆಯ ದೀಪ ಹಚ್ಚಿಕೊಳ್ಳುತ್ತಿದ್ದರು. ಅಕ್ಕಿ, ಹೋಳಿಗೆ, ದುಡ್ಡು ಕೊಟ್ಟು ಕಳಿಸುತ್ತಿದ್ದರು. ನಿದ್ದೆಗಣ್ಣಲ್ಲಿ ಜಗಲಿಗೆ ಓಡಿಬಂದು ನೋಡಿದ್ದು ನನಗಿನ್ನೂ ನೆನಪಿದೆ.

ಇಲ್ಲಿಯೂ ಮಕ್ಕಳು ಬಾಗಿಲು ತಟ್ಟುವುದು ಹೊಸದಲ್ಲ. ಸ್ಕಾಟ್ಲೆಂಡ್‌ನಲ್ಲಿ, ಐರ್ಲೆಂಡ್‌ನಲ್ಲಿ ವೇಷ ಹಾಕಿದ ಮಕ್ಕಳು ಹಾಡೋ ಪದ್ಯವೋ ಹೇಳಿ ಹಣ್ಣು, ನೆಲಗಡಲೆ ತರಹದ್ದು ಪಡೆಯುತ್ತಿದ್ದರು. ಸುಮ್ನೆ ಚೀಲ ಚಾಚುವುದಲ್ಲ. ಇಂಗ್ಲೆಂಡ್‌ನಲ್ಲಿ ಬಡವರು ಮನೆಮನೆಗೆ ಹೋಗಿ ಆ ಮನೆಯ ಹಿರಿಯರ ಆತ್ಮಕ್ಕೆ ಪ್ರಾರ್ಥನೆ ಮಾಡಿ, ಅದಕ್ಕೆ ಪ್ರತಿಯಾಗಿ ಸಣ್ಣ ಕೇಕ್ ಪಡೆಯುತ್ತಿದ್ದರು. ನಾನಂತೂ ಮಗಳಿಗೆ ಪ್ರತಿ ವರ್ಷ ಒಂದು ಪುಟ್ಟ ಹಾಡು ಕಲಿಸಿಯೇ ಕಳಿಸುತ್ತೇನೆ. ಹೋದ ಸಲ ಒಂದು ಕನ್ನಡ ಶಿಶುಗೀತೆ ಹಾಡಿದಳು. ಬೀದಿಯ ಕೊನೆಯ ಮನೆಯ ವಯಸ್ಸಾದವರು ಇನ್ನೊಂದು ಸಲ ಹಾಡಿಸಿಕೊಂಡರು.

ಇನ್ನು ಈ ಹಬ್ಬಕ್ಕೆ ಮುಖ ಕೊರೆದು ಒಳಗೆ ದೀಪ ಇಡುವ ಕುಂಬಳಕಾಯಿ. ಅದು ಅಮೆರಿಕ ಖಂಡದ ಕಾಯಿ. ಐರ್ಲೆಂಡ್‌ನವರು ಮೊದಲು ಕೊರೆಯುತ್ತಿದ್ದದ್ದು ಟರ್ನಿಪ್ ಗೆಡ್ಡೆಯನ್ನು. 1845ರಿಂದ ಇಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಭೀಕರ ಕ್ಷಾಮ ಬಂತು. ಸುಮಾರು 10 ಲಕ್ಷ ಜನ ಸತ್ತರು, ಇನ್ನೂ ಅಷ್ಟೇ ಜನ ಊರು ಬಿಟ್ಟರು. ಹಡಗು ಹತ್ತಿ ಅಮೆರಿಕಕ್ಕೆ ಹೋದವರು ಈ ಹಬ್ಬವನ್ನೂ ಜೊತೆಗೆ ಒಯ್ದರು. ಅಲ್ಲಿ ದೊಡ್ಡದಾಗಿ, ಕೊರೆಯಲು ಸುಲಭವಾಗಿ ಕುಂಬಳಕಾಯಿ ಸಿಕ್ಕಿತು. ಊರು ಬಿಟ್ಟು ಬಂದವರು ಕೈಗೆ ಸಿಕ್ಕಿದ್ದರಲ್ಲಿ ಹಬ್ಬ ಮಾಡಿದರು. ಮಾವಿನ ಎಲೆ ಸಿಗದೆ ಇಲ್ಲಿ ಪ್ಲಾಸ್ಟಿಕ್ ತೋರಣ ಕಟ್ಟುವ ನಮಗೆ ಇದು ಅರ್ಥವಾಗದೆ ಇನ್ಯಾರಿಗೆ ಅರ್ಥವಾಗಬೇಕು?

ಮೇಯೋ ಕೌಂಟಿಯ ಕ್ಯಾಸಲ್‌ಬಾರ್ ಹತ್ತಿರದ ಮ್ಯೂಸಿಯಂನಲ್ಲಿ ಹಳೆಯ ಟರ್ನಿಪ್ ದೀಪವೊಂದರ ಅಚ್ಚು ಇದೆ. ಗುಳಿಬಿದ್ದ ಕಣ್ಣು, ಮುರುಕು ಹಲ್ಲು. ಕುಂಬಳಕಾಯಿ ಅದರ ಮುಂದೆ ಪಾಪ ಅನ್ನಿಸುತ್ತದೆ. ಅದನ್ನು ನೋಡಿ ನಾವೂ ಒಂದು ಟರ್ನಿಪ್ ತಂದೆವು. ಕಲ್ಲಿನಷ್ಟು ಗಟ್ಟಿ. ಚಾಕು ಇಳಿಯಲಿಲ್ಲ. ಕೊನೆಗೆ ಸ್ಟೀಲ್ ಚಮಚದಲ್ಲಿ ಸುತ್ತ ಕೆರೆದು ಕೆರೆದು ಒಂದೂವರೆ ಗಂಟೆ. ಒಳಗೆ ಮೊಂಬತ್ತಿ ಹಚ್ಚಿದಾಗ ತೆಳ್ಳಗಾದ ಗೋಡೆಯಿಂದ ಅರಿಶಿನದ ಬಣ್ಣದ ಬೆಳಕು ಬಂತು. ಐದು ನಿಮಿಷಕ್ಕೆ ಮುಚ್ಚಳ ಸುಟ್ಟು ಕೋಸು ಬೆಂದ ವಾಸನೆ. ತುರಿಯನ್ನು ಎಸೆಯಲಿಲ್ಲ, ತೆಂಗಿನಕಾಯಿ ಹಾಕಿ ಪಲ್ಯ ಮಾಡಿದೆ.

2024ರಲ್ಲಿ ಅಕ್ಟೋಬರ್ 31ಕ್ಕೇ ನರಕ ಚತುರ್ದಶಿ ಬಂದಿತ್ತು. ಬೆಳಿಗ್ಗೆ ಎಣ್ಣೆ ಸ್ನಾನ, ಸಂಜೆ ಮಾಟಗಾತಿ ವೇಷ. ಹೊಸಿಲಲ್ಲಿ ಹಣತೆ ಸಾಲು, ಮೂಲೆಯಲ್ಲಿ ಟರ್ನಿಪ್. ಪಕ್ಕದ ಮನೆಯ ಅಜ್ಜಿ ಬಾರ್ಮ್‌ಬ್ರ್ಯಾಕ್ ತಂದುಕೊಟ್ಟರು. ಒಣದ್ರಾಕ್ಷಿ ಹಾಕಿದ ಬ್ರೆಡ್ ಅದು. ಒಳಗೆ ಉಂಗುರ ಹುದುಗಿಸಿರುತ್ತಾರೆ, ಸಿಕ್ಕವರಿಗೆ ಬೇಗ ಮದುವೆ ಅಂತ. ಉಂಗುರ ಸಿಕ್ಕಿದ್ದು ಊರಿಂದ ಬಂದಿದ್ದ ನಮ್ಮ ಅತ್ತೆಗೆ! ಅಜ್ಜಿ ಅವರನ್ನು ತಬ್ಬಿಕೊಂಡು ನಕ್ಕರು. ಅತ್ತೆ ಒಳಗೆ ಹೋಗಿ ಚಕ್ಕುಲಿ ಡಬ್ಬಿ ತಂದು ಅಜ್ಜಿ ಕೈಗಿಟ್ಟರು.

ಹೊಸಬರಿಗೆ ಒಂದಷ್ಟು ಉಪಯೋಗದ ಮಾತು. ಜೆಲ್ಲಿ ಸಿಹಿಗಳಲ್ಲಿ ಜಾಸ್ತಿ ಕಡೆ ಜೆಲಾಟಿನ್ ಇರುತ್ತದೆ, ಅದು ಪ್ರಾಣಿಯ ಚರ್ಮ-ಮೂಳೆಯದ್ದು. ಸಸ್ಯಾಹಾರಿಗಳು ಮನೆಗೆ ಬಂದಮೇಲೆ ಮಕ್ಕಳ ಜೊತೆ ಕೂತು ಪೊಟ್ಟಣ ಓದಿ. ನಾವು ಅಂಥದ್ದನ್ನು ತೆಗೆದುಕೊಂಡು ಬದಲಿಗೆ ಚಾಕಲೇಟ್ ಕೊಡುತ್ತೇವೆ, ಹಾಗಾಗಿ ಅಳು ಇಲ್ಲ. ಕಡಲೆಬೀಜ ಒಗ್ಗದ ಮಕ್ಕಳು ಇರುತ್ತಾರೆ, ಹಂಚುವಾಗ ನೋಡಿ. ಹೊರಗೆ ದೀಪ ಇಲ್ಲದ ಮನೆಯ ಬಾಗಿಲು ತಟ್ಟುವುದು ಬೇಡ. ಪಟಾಕಿ ವಿಷಯ: ಇಲ್ಲಿ ತೀರಾ ಸಣ್ಣವು ಬಿಟ್ಟರೆ ಪರವಾನಗಿ ಇಲ್ಲದೆ ಇಟ್ಟುಕೊಳ್ಳುವುದೇ ಅಪರಾಧ, ದೀಪಾವಳಿಗೂ ಇದೇ ನಿಯಮ.

ಮಗನಿಗೆ ಭಯವಾದರೆ ದೆವ್ವದ ವೇಷವೇ ಆಗಬೇಕೆಂದಿಲ್ಲ. ನಮ್ಮ ಬೀದಿಯಲ್ಲಿ ಒಬ್ಬ ಯಕ್ಷಗಾನದ ಬಣ್ಣದ ವೇಷ ಹಾಕಿ ಬಂದಿದ್ದ, ಎಲ್ಲರ ಕಣ್ಣೂ ಅವನ ಮೇಲೆಯೇ.

ಈ ಶನಿವಾರ ಮಧ್ಯಾಹ್ನ ನಮ್ಮ ಅಡುಗೆಮನೆಯಲ್ಲಿ ಟರ್ನಿಪ್ ಕೊರೆಯುತ್ತೇವೆ. ಬರುವವರು ಗುಂಪಿನಲ್ಲೇ ತಿಳಿಸಿ. ಟರ್ನಿಪ್ ನಾನು ತಂದಿರುತ್ತೇನೆ. ಬಗ್ಗದ ಚಮಚ ಮಾತ್ರ ನೀವೇ ತನ್ನಿ.