ಹವಳದ ತೊಟ್ಟಿಗೆ ಯಾವ ಮೀನು ತರಬೇಕು? ಮೈಸೂರು, ಮಂಡ್ಯದವರ ಅನುಭವ

ಸರಸ್ವತಿಪುರಂನಿಂದ ಬಂದ ಪ್ರಶ್ನೆ:

ನಮ್ಮ ಮನೆಯಲ್ಲಿ ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ಉಪ್ಪುನೀರಿನ ತೊಟ್ಟಿ ಇದೆ. ಆರು ತಿಂಗಳಿನಿಂದ ಜೊವಾಂಥಿಡ್, ಮಶ್ರೂಮ್, ಲೆದರ್ ಹವಳಗಳು ಚೆನ್ನಾಗಿ ಅರಳುತ್ತಿವೆ. ಮೀನು ಒಂದೂ ಇಲ್ಲ. ಮಗಳಿಗೆ ನೀಲಿ ಟ್ಯಾಂಗ್ ಬೇಕಂತೆ, ನನಗೆ ಚಿಟ್ಟೆ ಮೀನಿನ ಮೇಲೆ ಆಸೆ. ಅಂಗಡಿಯವರು ಎರಡನ್ನೂ ಹಾಕಬಹುದು ಎನ್ನುತ್ತಾರೆ. ಹವಳ ಸಾಕಿದವರು ದಯವಿಟ್ಟು ನಿಮ್ಮ ಅನುಭವ ತಿಳಿಸಿ.

ಕುವೆಂಪುನಗರದಿಂದ:

ಮೇಡಂ, ಚಿಟ್ಟೆ ಮೀನನ್ನು ಮಾತ್ರ ತರಬೇಡಿ. ತಂದು ಹವಳ ಕಳೆದುಕೊಂಡವನು ನಾನು. ನನ್ನ ನಾಲ್ಕು ಅಡಿಯ ತೊಟ್ಟಿಯಲ್ಲಿ ಐಪ್ಟೇಸಿಯಾ ಎಂಬ ಪುಟ್ಟ ಅನೆಮೋನ್ (ಹೂವಿನಂತೆ ಕಾಣುವ ಕಡಲಜೀವಿ) ಹಬ್ಬಿತ್ತು. ಅದು ಗದ್ದೆಯ ಕಳೆಯಂತೆ, ಒಂದು ಚೂರು ಉಳಿದರೂ ಮತ್ತೆ ಚಿಗುರುತ್ತದೆ. ಅದನ್ನು ತಿನ್ನುತ್ತದೆ ಎಂದು ಕೇಳಿ ರಕೂನ್ ಚಿಟ್ಟೆ ಮೀನನ್ನು ಬೆಂಗಳೂರಿನಿಂದ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಜೋಪಾನವಾಗಿ ತಂದೆ. ಹತ್ತು ದಿನಗಳಲ್ಲಿ ಕಳೆ ಖಾಲಿಯಾಯಿತು. ಆಮೇಲೆ ಜೊವಾಂಥಿಡ್‌ಗಳು ಮುದುಡತೊಡಗಿದವು. ನೀರಿನ ದೋಷವೆಂದು ತಿಳಿದು ಪರೀಕ್ಷೆಯ ಮೇಲೆ ಪರೀಕ್ಷೆ ಮಾಡಿದೆ; ಎಲ್ಲವೂ ಸರಿಯಾಗಿಯೇ ಇತ್ತು.

ಕೊನೆಗೆ ಒಂದು ಬೆಳಿಗ್ಗೆ ದೀಪ ಹತ್ತುವ ಮೊದಲೇ ಎದುರಿಗೆ ಕುಳಿತೆ. ಮೀನು ಹವಳದ ಮುಂದೆ ಬಂದು ನಿಂತಿತು. ಕಣ್ಣನ್ನು ಹೊರಳಿಸಿ ನೋಡಿತು. ಚೂಪು ಮೂತಿಯಿಂದ ಒಂದೇ ಒಂದು ಪಾಲಿಪ್ (ಹವಳದ ಹೂವಿನಂಥ ಪುಟ್ಟ ಜೀವಿ) ಕಿತ್ತು ಹಿಂದೆ ಸರಿಯಿತು. ಸ್ವಲ್ಪ ಹೊತ್ತಿನ ಬಳಿಕ ಮತ್ತೊಂದು. ಮಲ್ಲಿಗೆ ಬಳ್ಳಿಯಿಂದ ಮೊಗ್ಗು ಬಿಡಿಸುವವರಂತೆ ಅಷ್ಟು ನಯವಾಗಿ ಕೀಳುತ್ತಿತ್ತು. ಒಂದು ಪಾಲಿಪ್ ಹೋದರೆ ಸುತ್ತಲಿನವೆಲ್ಲ ಮುದುಡಿಕೊಳ್ಳುತ್ತವೆ. ಹೀಗಾಗಿ ಕಚ್ಚಿದ ಗುರುತೇ ಕಾಣುವುದಿಲ್ಲ.

ಅದನ್ನು ಹಿಡಿಯುವುದು ಇನ್ನೂ ದೊಡ್ಡ ಕಷ್ಟ. ಬಲೆ ಕಂಡರೆ ಕಲ್ಲಿನ ಸಂದಿಗೆ ನುಗ್ಗುತ್ತದೆ. ಭಾನುವಾರ ಪೂರ್ತಿ ಕುಳಿತು ಕಲ್ಲುಗಳನ್ನು ಒಂದೊಂದಾಗಿ ಬಕೆಟ್‌ಗಳಿಗೆ ಎತ್ತಿಡಬೇಕಾಯಿತು. ಎರಡು ವರ್ಷ ಬೆಳೆದಿದ್ದ ಲೆದರ್ ಹವಳ ಬುಡದಲ್ಲೇ ಹರಿದುಹೋಯಿತು. ಅದಕ್ಕೇ ಹೇಳುತ್ತೇನೆ: ಹವಳದ ತೊಟ್ಟಿಗೆ ಮೀನು ಬಿಡುವುದು ಸುಲಭ, ತೆಗೆಯುವುದು ಆಗದ ಮಾತು. ತೀರ್ಮಾನವೆಲ್ಲ ಅಂಗಡಿಯಲ್ಲೇ ಆಗಬೇಕು.

ಈಗ ನಾನು ಮೊದಲು ನೋಡುವುದು ಮೀನಿನ ಬಾಯಿಯನ್ನು, ಬಣ್ಣವನ್ನಲ್ಲ. ಚಿಟ್ಟೆ ಮೀನುಗಳದು ಕೀಳುವ ಮೂತಿ, ಗಿಳಿ ಮೀನಿನದು ಹವಳವನ್ನೇ ಕೆರೆಯುವ ಕೊಕ್ಕು, ಟ್ರಿಗರ್ ಮತ್ತು ಪಫರ್‌ಗಳದು ಚಿಪ್ಪು ಒಡೆಯುವ ಹಲ್ಲು. ಸಮುದ್ರದಲ್ಲಿ ಅವುಗಳ ಊಟವೇ ಅದು, ಮೀನಿನ ತಪ್ಪೇನಿಲ್ಲ. ಕ್ಲೌನ್, ಕ್ರೋಮಿಸ್, ಕಾರ್ಡಿನಲ್, ಫೈರ್‌ಫಿಶ್‌ಗಳು ನೀರಿನಲ್ಲಿ ತೇಲಿಬರುವ ಸಣ್ಣ ಜೀವಿಗಳನ್ನು ಹಿಡಿಯುವಂಥವು. ಹವಳ ಅವಕ್ಕೆ ಮನೆ, ಊಟವಲ್ಲ. ಕುಬ್ಜ ಏಂಜೆಲ್‌ಗಳ ವಿಷಯದಲ್ಲಿ ಮಾತ್ರ ಯಾರೂ ಭರವಸೆ ಕೊಡಲಾರರು. ಒಂದೇ ಜಾತಿಯ ಎರಡರಲ್ಲಿ ಒಂದು ಹವಳದ ತಂಟೆಗೇ ಹೋಗುವುದಿಲ್ಲ, ಇನ್ನೊಂದು ಬಿಡುವುದೇ ಇಲ್ಲ.

ನೀಲಿ ಟ್ಯಾಂಗ್ ಹವಳಕ್ಕೆ ತೊಂದರೆ ಕೊಡುವುದಿಲ್ಲ, ನಿಜ. ಅಂಗಡಿಯಲ್ಲಿ ಎರಡು ಅಂಗುಲವಿರುವ ಆ ಮರಿ ಸುಮಾರು ಒಂದು ಅಡಿಯವರೆಗೆ ಬೆಳೆಯುತ್ತದೆ. ನಿಮ್ಮ ತೊಟ್ಟಿಯಲ್ಲಿ ಅಂಚಿನವರೆಗೆ ತುಂಬಿದರೂ ನೀರು 190 ಲೀಟರ್ ಮಾತ್ರ. ಆರು ಅಡಿಯ ತೊಟ್ಟಿ ಇಲ್ಲದೆ ಅದನ್ನು ತರುವುದು ಮೀನಿಗೆ ಮಾಡುವ ಅನ್ಯಾಯ. ಮಗಳಿಗೆ ಇದನ್ನು ಬಿಡಿಸಿ ಹೇಳಿ, ಮಕ್ಕಳಿಗೆ ಅರ್ಥವಾಗುತ್ತದೆ.

ಮಂಡ್ಯದಿಂದ:

ಅಕ್ಕ, ಮೊದಲು ಒಂದು ಜೋಡಿ ಕ್ಲೌನ್ ತನ್ನಿ. ಒಂದು ದೊಡ್ಡದು, ಒಂದು ಚಿಕ್ಕದು ಇರಲಿ. ಎಲ್ಲವೂ ಮೊದಲು ಗಂಡಾಗಿಯೇ ಬೆಳೆಯುತ್ತವೆ. ಜೋಡಿಯಲ್ಲಿ ದೊಡ್ಡದು ಹೆಣ್ಣಾಗುತ್ತದೆ. ಸಮುದ್ರದಲ್ಲಿ ಅವುಗಳ ಮನೆಯಾದ ಅನೆಮೋನ್ ಇಲ್ಲದೆಯೂ ಸುಖವಾಗಿರುತ್ತವೆ. ನಮ್ಮಲ್ಲಿ ಅವು ಲೆದರ್ ಹವಳವನ್ನೇ ಹಾಸಿಗೆ ಮಾಡಿಕೊಂಡವು. ಮೈ ಉಜ್ಜಿ ಉಜ್ಜಿ ಎರಡು ವಾರ ಹವಳ ಅರಳಲೇ ಇಲ್ಲ. ನಂತರ ಅದೂ ಒಗ್ಗಿಕೊಂಡಿತು. ಹಾಗಾದರೆ ಗಾಬರಿಯಾಗಬೇಡಿ.

ಫೈರ್‌ಫಿಶ್ ತರುವುದಾದರೆ ಮುಚ್ಚಳ ಇರಲೇಬೇಕು. ಒಂದು ರಾತ್ರಿ ಕರೆಂಟು ಹೋಗಿ ದೀಪ ಫಕ್ಕನೆ ಆರಿದಾಗ ನಮ್ಮದು ಬೆದರಿ ಹಾರಿತು. ಬೆಳಿಗ್ಗೆ ಅಮ್ಮ ಕಸ ಗುಡಿಸುವಾಗ ಸ್ಟ್ಯಾಂಡಿನ ಹಿಂದೆ ಸಿಕ್ಕಿತು. ಆ ದಿನ ಮನೆಯಲ್ಲಿ ಯಾರಿಗೂ ತಿಂಡಿ ಸೇರಲಿಲ್ಲ. ಗಾಜಿನ ಮುಚ್ಚಳ ಬೇಡ, ಬೇಸಿಗೆಯಲ್ಲಿ ನೀರು ಕಾಯುತ್ತದೆ. ಕಿಟಕಿಗೆ ಹಾಕುವ ಸೊಳ್ಳೆ ಜಾಲರಿಯನ್ನು ಅಲ್ಯೂಮಿನಿಯಂ ಚೌಕಟ್ಟಿಗೆ ಬಿಗಿಸಿ ಇಟ್ಟರೆ ಮೀನು ಹಾರುವುದಿಲ್ಲ, ಫ್ಯಾನಿನ ಗಾಳಿಯೂ ನೀರಿಗೆ ತಾಗುತ್ತದೆ. ಏಪ್ರಿಲ್‌ನಲ್ಲಿ ನಾವು ಹೀಗೆಯೇ ನೀರನ್ನು 27 ಡಿಗ್ರಿಯ ಆಸುಪಾಸಿನಲ್ಲಿ ಹಿಡಿದಿಡುತ್ತೇವೆ. ಆವಿಯಾಗುವುದು ನೀರು, ಉಪ್ಪಲ್ಲ. ಆದ್ದರಿಂದ ಪ್ರತಿದಿನ ಆರ್‌ಒ ನೀರನ್ನೇ ತುಂಬಿ. ನಮ್ಮ ಕಡೆಯ ಬೋರ್‌ವೆಲ್ ಗಡಸು ನೀರು ಖಂಡಿತ ಬೇಡ.

ಮೈಸೂರಿನ ವಿಜಯನಗರದಿಂದ:

ವಾಚ್‌ಮನ್ ಗೋಬಿ ಮೀನು ಮತ್ತು ಪಿಸ್ತೂಲ್ ಸಿಗಡಿಯನ್ನು ಒಟ್ಟಿಗೆ ಸಾಕಿ ನೋಡಿ, ದಿನವೂ ನೋಡಿದರೂ ಬೇಸರವಾಗದು. ಸಿಗಡಿಗೆ ದೃಷ್ಟಿ ತೀರಾ ಮಂದ. ಅದು ಬುಲ್ಡೋಜರ್‌ನಂತೆ ಮರಳು ತಳ್ಳುತ್ತ ಬಿಲದಿಂದ ಹೊರಬಂದಾಗ ಒಂದು ಮೀಸೆ ಸದಾ ಗೋಬಿಯ ಮೈಮೇಲಿರುತ್ತದೆ. ಅಪಾಯ ಕಂಡರೆ ಗೋಬಿ ಬಾಲ ಅದುರಿಸುತ್ತದೆ, ಸಿಗಡಿ ಕೂಡಲೇ ಒಳಗೆ. ಒಂದೇ ಎಚ್ಚರಿಕೆ: ಅವು ಎಲ್ಲೆಂದರಲ್ಲಿ ತೋಡುತ್ತವೆ. ಕಲ್ಲುಗಳನ್ನು ಮರಳಿನ ಮೇಲಲ್ಲ, ತೊಟ್ಟಿಯ ತಳಕ್ಕೇ ತಾಗುವಂತೆ ಕೂರಿಸಿ. ಮಶ್ರೂಮ್ ಹವಳಗಳನ್ನು ಮರಳು ಬೀಳದಷ್ಟು ಎತ್ತರದಲ್ಲಿಡಿ.

ಹವಳಕ್ಕೆ ಸುರಕ್ಷಿತ ಎಂದ ಮಾತ್ರಕ್ಕೆ ಸಿಗಡಿಗೂ ಸುರಕ್ಷಿತವಲ್ಲ. ಹಾಕ್‌ಫಿಶ್ ನಮ್ಮ ಹವಳವನ್ನು ಮುಟ್ಟಲಿಲ್ಲ, ಕ್ಲೀನರ್ ಸಿಗಡಿಯನ್ನು ಮಾತ್ರ ನುಂಗಿತು.

ಬೋಗಾದಿಯಿಂದ:

ಮೇಲಿನವರು ಬಿಟ್ಟ ಎರಡು ಮಾತು. ಬಂದ ಮೀನನ್ನು ನೇರವಾಗಿ ಹವಳದ ತೊಟ್ಟಿಗೆ ಬಿಡಬೇಡಿ. ಬಿಳಿ ಚುಕ್ಕೆ ರೋಗಕ್ಕೆ ಹಾಕುವ ತಾಮ್ರದ ಔಷಧಿ ಹವಳವನ್ನೂ ಸಿಗಡಿಯನ್ನೂ ಕೊಲ್ಲುತ್ತದೆ. ಹಾಗಾಗಿ ನಾಲ್ಕಾರು ವಾರ ಬೇರೆ ಚಿಕ್ಕ ತೊಟ್ಟಿಯಲ್ಲಿಟ್ಟು ನೋಡಿ. ಸೇರಿಸುವಾಗ ಸಾಧು ಮೀನು ಮೊದಲು, ಜಗಳಗಂಟ ಕೊನೆಗೆ. ಡ್ಯಾಮ್ಸೆಲ್ ಅಗ್ಗ, ಹವಳಕ್ಕೆ ಏನೂ ಮಾಡುವುದಿಲ್ಲ, ಆದರೆ ಮೊದಲು ಬಂದರೆ ತೊಟ್ಟಿಯೆಲ್ಲ ತನ್ನದೆನ್ನುತ್ತದೆ.

ಇನ್ನೊಂದು, ನನ್ನ ಮನಸ್ಸಿಗೆ ಬಹಳ ಹತ್ತಿರದ ವಿಷಯ. ನಮ್ಮ ಕಡಲಿನ ಗಟ್ಟಿ ಹವಳಗಳು ಮತ್ತು ಸಮುದ್ರ ಕುದುರೆಗಳು 2001ರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿದವು. ಯಾರಾದರೂ ಗುಟ್ಟಾಗಿ ತಂದುಕೊಡುತ್ತೇವೆ ಎಂದರೆ ಖಂಡಿತ ಬೇಡವೆನ್ನಿ. ಮೀನಿನ ಬಗ್ಗೆಯೂ ಸಾಕಿ ಬೆಳೆಸಿದ್ದೋ, ಸಮುದ್ರದಿಂದ ಹಿಡಿದದ್ದೋ ಎಂದು ಕೇಳಿ. ಕ್ಲೌನ್ ಮೀನುಗಳನ್ನು ಮರಿ ಮಾಡಿಸುವ ವಿಧಾನವನ್ನು ನಮ್ಮ ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯೇ ರೂಪಿಸಿದೆ. ಸಾಕಿದ ಮರಿ ಕೃತಕ ಆಹಾರಕ್ಕೆ ಬೇಗ ಒಗ್ಗುತ್ತದೆ.

ಸರಸ್ವತಿಪುರಂನಿಂದ ಮತ್ತೆ:

ಎಲ್ಲರಿಗೂ ಧನ್ಯವಾದ. ಚಿಟ್ಟೆ ಮೀನಿನ ಆಸೆ ಬಿಟ್ಟೆ. ಮಗಳು ಗೋಬಿ–ಸಿಗಡಿಯ ಸ್ನೇಹವನ್ನು ಓದಿಸಿಕೊಂಡು ಟ್ಯಾಂಗನ್ನು ಮರೆತಿದ್ದಾಳೆ. ಮೊದಲು ಗೋಬಿ, ಸಿಗಡಿ, ಆಮೇಲೆ ಕ್ಲೌನ್ ಜೋಡಿ. ಕೊನೆಗೆ ಒಂದು ಮ್ಯಾಂಡರಿನ್ ತರಬಹುದೇ?

ಕುವೆಂಪುನಗರದಿಂದ:

ಈಗ ಬೇಡ ಮೇಡಂ. ಮ್ಯಾಂಡರಿನ್ ಹವಳವನ್ನು ಮುಟ್ಟುವುದಿಲ್ಲ, ಆದರೆ ಹಗಲಿಡೀ ಕಲ್ಲಿನ ಮೇಲಿನ ಅತಿ ಸಣ್ಣ ಜೀವಿಗಳಾದ ಕೋಪೆಪಾಡ್‌ಗಳನ್ನು ಹೆಕ್ಕಿ ತಿನ್ನುತ್ತಲೇ ಇರಬೇಕು. ಆರು ತಿಂಗಳ ಸಣ್ಣ ತೊಟ್ಟಿಯಲ್ಲಿ ಅಷ್ಟು ಹುಟ್ಟುವುದಿಲ್ಲ. ಮೀನು ಹೊಟ್ಟೆ ಬೆನ್ನಿಗಂಟಿ ಸಾಯುತ್ತದೆ. ವರ್ಷ ದಾಟಲಿ. ಆಗಲೂ ಅಂಗಡಿಯಲ್ಲಿ ನಿಮ್ಮ ಕಣ್ಣೆದುರಿಗೇ ಹೆಪ್ಪುಗಟ್ಟಿಸಿದ ಆಹಾರವನ್ನು ತಿನ್ನುವ ಮೀನು ಸಿಕ್ಕರೆ ಮಾತ್ರ ತನ್ನಿ.